ಐತವಾರದ ಜಮಖಾನೆ

ಹೋದ ಸೋಮವಾರ ಮುಂಜಾನೆ ಟಾಂಗಾ ಚಾಚಾ ನಮ್ಮ ಮನೆಯ ಮುಂದೆ ಕುದುರೆ ನಿಲ್ಲಿಸಿ, ಕೆಳಗಿಳಿಯದೆಯೇ, "ಅಕ್ಕೋರ, ಗಾರ್ಡ್ ಕಾಕಾ ಹೋದ್ರು" ಎಂದರು. ಸಾಲೆಗೆ ಹೊರಟು ನಿಂತಿದ್ದ ನಾನು ಕೈಯಲ್ಲಿದ್ದ ಕೊಡೆಯನ್ನು ಕಟ್ಟೆಯ ಮೇಲಿಟ್ಟು ಅಲ್ಲೇ ಕುಳಿತುಬಿಟ್ಟೆ.

"ಯಾವಾಗ್ರಿ?"

"ನಿನ್ನಿ ಸಂಜಿಕೆ. ಬೈಠಕ್ ಮುಗೀತು. ಎಲ್ಲಾರ್ನೂ ಬಾಗಲತನಾ ಬಂದು ಕಳಿಸಿದ್ರು. ಒಳಗ ಹೋಗಿ ನಶ್ಯಾ ಸೇದಿ, ಗ್ವಾಡಿಗೆ ಆನಿಕೊಂಡು ಕೂತರಂತ. ಕೂತವರು ಮತ್ತ ಏಳಲಿಲ್ಲ."

ಬೈಠಕ್ ಮುಗಿಸಿಯೇ ಹೋದರೆಂದು ಕೇಳಿ ಅಳುವಿನ ನಡುವೆಯೂ ನನಗೆ ನಗು ಬಂತು. ಅರ್ಧಕ್ಕೆ ಬಿಟ್ಟು ಹೋಗುವ ಮನುಷ್ಯರೇ ಅಲ್ಲ ಅವರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಜಮಖಾನೆಯ ಮೇಲೆ ಕೂಡ್ರುವವರು ಹೆಸರು, ಅಡ್ಡಹೆಸರು, ಊರು, ಜಾತಿ ಎಲ್ಲವನ್ನೂ ಚಪ್ಪಲಿಯ ಸಂಗಡ ಹೊರಗೆ ಬಿಟ್ಟು ಬರಬೇಕೆಂಬುದು ಅವರ ಕಟ್ಟುನಿಟ್ಟು. ಬದುಕಿದ್ದಾಗ ನಡೆಸಿದ ರಿವಾಜನ್ನು ಸತ್ತ ಮೇಲೆ ನಾನು ಮುರಿದರೆ ಸ್ವಪ್ನದಲ್ಲಿ ಬಂದು ಜಗಳ ತೆಗೆಯುತ್ತಾರೆ. ಅಣ್ಣಿಗೇರಿಯ ಮಂದಿಗೆಲ್ಲ ಅವರು ಗಾರ್ಡ್ ಕಾಕಾ. ಅಷ್ಟು ಸಾಕು.

ಎತ್ತರದ ಆಳು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಸರ್ವಿಸ್ಸಿನ ಕಾಲದ ಕರಿ ಕೋಟನ್ನು ಧೋತರದ ಮೇಲೆ ಬ್ಯಾಸಗಿಯಲ್ಲಿಯೂ ಹಾಕಿಕೊಳ್ಳುತ್ತಿದ್ದರು. ಅದರ ಒಂದು ಕಿಸೆಯಲ್ಲಿ ನಶ್ಯದ ಡಬ್ಬಿ, ಇನ್ನೊಂದರಲ್ಲಿ ಪುಟಾಣಿ-ಬೆಲ್ಲ. ಕುಡಿಯಬೇಕೆಂದು ಜೀವ ಒದ್ದಾಡಿದಾಗ ಬಾಯಿಗೆ ಬೆಲ್ಲ ಹಾಕಿಕೊಳ್ಳಬೇಕೆಂಬುದು ಅವರ ಔಷಧ. ಇದ್ದದ್ದು ಅದೊಂದೇ ಔಷಧ. ಅವರನ್ನು ಸಂತರೆಂದು ತಿಳಿಯಬೇಡಿ. ಇಸ್ಪೀಟಿನಲ್ಲಿ ಕಳ್ಳಾಟ ಆಡುತ್ತಿದ್ದರು, ಸಿಕ್ಕಿಬಿದ್ದರೆ ಎದುರಿನವರ ಮೇಲೆಯೇ ಹರಿಹಾಯುತ್ತಿದ್ದರು. ಭಜನೆಯ ತಾಳ ಕೇಳಿದರೆ ಎದ್ದು ಹೋಗುತ್ತಿದ್ದರು. ಉಪದೇಶ ಮಾಡುವವರನ್ನು ಕಂಡರೆ ಅವರ ಮುಖ ಬೇವಿನಕಾಯಿ ಅಗಿದವರ ಹಾಗೆ ಆಗುತ್ತಿತ್ತು. "ಕುಡಿಯೂದು ಬಿಟ್ಟು ಎಷ್ಟು ವರ್ಷ ಆತ್ರಿ?" ಎಂದು ಯಾರಾದರೂ ಕೇಳಿದರೆ, "ಮುಂಜಾನಿಂದ ಕುಡದಿಲ್ಲ" ಎನ್ನುತ್ತಿದ್ದರು.

ಅವರು ನಮ್ಮ ಬದುಕಿನೊಳಗೆ ಬಂದದ್ದು ನನ್ನ ಗಂಡನ ದೆಸೆಯಿಂದ. ನಮ್ಮವರು ಅಣ್ಣಿಗೇರಿಯ ಹತ್ತಿ ಗಿರಣಿಯೊಂದರಲ್ಲಿ ಫಿಟ್ಟರ್. ನಾನು ಹತ್ತಿರದ ಹಳ್ಳಿಯಲ್ಲಿ ಕನ್ನಡ ಸಾಲೆಯ ಮಾಸ್ತರ್ತಿ. ನಮ್ಮ ಮನೆಯೂ ಅಲ್ಲೇ. ಪಾನನಿಷೇಧವಿದ್ದಾಗ ನಮ್ಮವರು ಹೊಲದ ಬದುವಿನಲ್ಲಿ ಕದ್ದು ಕಾಸಿದ್ದನ್ನು ಕದ್ದು ಕುಡಿಯುತ್ತಿದ್ದರು. ನಿಷೇಧ ಹೋಗಿ ಊರ ನಡುವೆ ಸಾರಾಯಿ ಅಂಗಡಿಯೇ ಬಂದ ಮೇಲೆ ಕದಿಯುವ ಶ್ರಮ ತಪ್ಪಿತು.

ನಮ್ಮದು ಲಿಂಗವಂತರ ಮನೆ. ನಮ್ಮವರ ಕೊರಳಲ್ಲಿ ಬೆಳ್ಳಿಯ ಕರಡಗಿ, ಅದರೊಳಗೆ ಲಿಂಗ. ಅದು ಮೈಮೇಲಿದ್ದಾಗ ಕುಡಿದರೆ ಶಿವನಿಗೇ ಕುಡಿಸಿದ ಹಾಗೆ ಎಂಬ ಭಯ ಅವರಿಗೆ. ಆದ್ದರಿಂದ ಅಂಗಡಿಗೆ ಹೊರಡುವ ಮುಂಚೆ ಅದನ್ನು ಕೊರಳಿನಿಂದ ತೆಗೆದು, ಕಣ್ಣಿಗೊತ್ತಿಕೊಂಡು, ದೇವರ ಮಾಡದ ಬಾಜೂಕಿನ ಗೂಟಕ್ಕೆ ತೂಗುಹಾಕಿ ಹೋಗುತ್ತಿದ್ದರು. ಜೀವವಿರುವವರೆಗೆ ಬಿಚ್ಚಬಾರದ್ದನ್ನು ಬಿಚ್ಚಿ, ಮುಟ್ಟಬಾರದ್ದನ್ನು ಮುಟ್ಟಲು ಹೋಗುವುದು, ಅದರಲ್ಲಿಯೂ ಒಂದು ಮಡಿ! ಸಾಲೆಯಿಂದ ಬಂದ ಕೂಡಲೇ ನಾನು ನೋಡುತ್ತಿದ್ದುದು ಆ ಗೂಟವನ್ನು. ಖಾಲಿ ಇದ್ದರೆ ನೆಮ್ಮದಿಯಿಂದ ಒಲೆ ಹೊತ್ತಿಸುತ್ತಿದ್ದೆ. ಇಲ್ಲದಿದ್ದರೆ ಆ ದಿನದ ಊಟ, ನಿದ್ದೆ, ಮಾತು ಎಲ್ಲ ಹೋದವೆಂದೇ ಲೆಕ್ಕ.

ಬಿಡಿಸಲು ನಾನು ಮಾಡದ ಉಪಾಯವಿಲ್ಲ. ದರ್ಗಾದಿಂದ ತಾಯತ ತಂದು ಕಟ್ಟಿದೆ. ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದ ಯಾರೋ ವೈದ್ಯರ ಪುಡಿಯನ್ನು ಸಾರಿನಲ್ಲಿ ಕಲಸಿ ಬಡಿಸಿದೆ; ಅವರಿಗೆ ಭೇದಿ ಹತ್ತಿತು, ಚಟ ಬಿಡಲಿಲ್ಲ. ಊರ ಹಿರಿಯರು ಅವರನ್ನು ಮಠಕ್ಕೆ ಕರೆದೊಯ್ದು ಗದ್ದುಗೆ ಮುಟ್ಟಿಸಿ ಆಣೆ ಮಾಡಿಸಿದರು. ನಮ್ಮ ಸೀಮೆಯಲ್ಲಿ ಕುಡುಕರಿಗೆ ದೊಡ್ಡ ಔಷಧವೆಂದರೆ ಆಣೆಯೇ. ಕುಡುಕ ಗದ್ದುಗೆಯ ಮುಂದೆ ಬಿದ್ದು ಅಳುತ್ತಾನೆ, ಹಿರಿಯರು ಕಣ್ಣೊರೆಸಿಕೊಳ್ಳುತ್ತಾರೆ, ಹೆಂಡತಿ ಕಾಯಿ ಒಡೆಸುತ್ತಾಳೆ, ಎಲ್ಲರಿಗೂ ಸಮಾಧಾನ. ಆಣೆ ಮುರಿದ ದಿನ ಮಾತ್ರ ಹಿರಿಯರು ಯಾರೂ ಹತ್ತಿರ ಇರುವುದಿಲ್ಲ. ಮುರಿದವನು ದೇವರಿಗೆ ಹೆದರಿ, ಆ ಹೆದರಿಕೆಯನ್ನು ಮರೆಯಲು ಮೊದಲಿಗಿಂತ ಹೆಚ್ಚು ಕುಡಿಯುತ್ತಾನೆ. ನಮ್ಮ ಮನೆಯಲ್ಲಿ ಆದದ್ದೂ ಅದೇ.

ಹೀಗಿರುವಾಗ ಒಂದು ದಿನ ನಾವಿಬ್ಬರೂ ಗದಗಿಗೆ ಹೋಗಲು ಅಣ್ಣಿಗೇರಿ ಸ್ಟೇಶನ್ನಿನಲ್ಲಿ ಪ್ಯಾಸೆಂಜರ್ ಗಾಡಿಗೆ ಕಾಯುತ್ತಿದ್ದೆವು. ಹೊರಡುವ ಗಡಿಬಿಡಿಯಲ್ಲಿ ಆ ದಿನ ನಾನು ಗೂಟ ನೋಡಿರಲಿಲ್ಲ. ನೀರು ಕುಡಿದು ಬರುತ್ತೇನೆಂದು ಹೋದ ನಮ್ಮವರು ನೀರಲ್ಲದ್ದನ್ನು ಕುಡಿದು ಬಂದು ಬೆಂಚಿನ ಮೇಲೆ ಕುಳಿತರು. ವಾಸನೆಗೆ ಬಾಜೂಕಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದರು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತ್ತು. ಕರಿ ಕೋಟಿನ ಮುದುಕರೊಬ್ಬರು ಮಾತ್ರ ಏಳಲಿಲ್ಲ. ಇನ್ನಷ್ಟು ಹತ್ತಿರ ಸರಿದು ಕುಳಿತು, "ಯಜಮಾನ್ರ, ನಾನು ಕುಡುಕ ಇದ್ದೀನಿ" ಎಂದರು.

ನಮ್ಮವರಿಗೆ ಸಿಟ್ಟು ನೆತ್ತಿಗೇರಿತು. "ಯಾರಿಗ್ರಿ ಕುಡುಕ ಅನ್ನೂದು? ನಾ ಯಾರು ಗೊತ್ತೈತೇನು?"

"ನನಗ ನಾ ಅಂದುಕೊಂಡೆ. ನಿಮಗ ಯಾರು ಅಂದ್ರು?"

ಮುದುಕರು ಕಿಸೆಯಿಂದ ಬೆಲ್ಲದ ಹರಳು ತೆಗೆದು ಬೆಂಚಿನ ಮೇಲಿಟ್ಟರು. "ಐತವಾರ ಸಂಜಿಗೆ ನಾಲ್ಕಕ್ಕ ನಮ್ಮ ಮನ್ಯಾಗ ಬೈಠಕ್ ಇರ್ತದ. ಸ್ಟೇಶನ್ ಹಿಂದ, ಬೇವಿನ ಗಿಡದ ಮನಿ. ನನ್ನಂಥಾವರಿಗೆ. ಚಹಾ ಕುಡಿಯೂದು, ಮಾತಾಡೂದು. ಬರಬೇಕಂತೇನಿಲ್ಲ. ಬಾಗಲಾ ಮಾತ್ರ ತಗದಿರ್ತದ." ಅಷ್ಟರಲ್ಲಿ ಗಾಡಿ ಬಂತು. ನಮ್ಮವರು ಗದಗ ಮುಟ್ಟುವವರೆಗೂ ಆ ಮುದುಕರನ್ನು ಬೈಯುತ್ತಲೇ ಇದ್ದರು, ಆದರೆ ಬೆಲ್ಲ ತಿಂದಿದ್ದರು.

ಐತವಾರ ಅವರು ಹೋಗಲಿಲ್ಲ. ನಾನು ಹೋದೆ. ನನಗೆ ಇನ್ನೊಂದು ದಾರಿ ಕಾಣುತ್ತಿರಲಿಲ್ಲ. ಪಡಸಾಲೆಯಲ್ಲಿ ನೀಲಿ-ಕೆಂಪು ಪಟ್ಟಿಯ ದೊಡ್ಡ ಜಮಖಾನೆ ಹಾಸಿತ್ತು. ಹತ್ತು ಜನ ಆರಾಮಾಗಿ ಕೂಡ್ರಬಹುದಾದ ಅದರ ಒಂದು ಮೂಲೆಯಲ್ಲಿ ಕಾಕಾ ಒಬ್ಬರೇ ಕುಳಿತಿದ್ದರು.

"ಯಾರೂ ಬಂದಿಲ್ಲೇನ್ರಿ?" ಎಂದೆ.

"ನಾ ಬಂದೀನಲ್ಲ," ಎಂದರು. ನಾನು ಮಾಸ್ತರ್ತಿ ಎಂದು ತಿಳಿದ ಮೇಲೆ, "ಇದು ನಿಮಗಲ್ರಿ ಅಕ್ಕೋರ, ನಮ್ಮಂಥಾವರಿಗೆ. ನೀವು ಒಳಗ ಕಾಕೂ ಕಡೆ ಕೂಡ್ರಿ. ನನ್ನ ಮಾತು ಕಿವಿಗೆ ಬಿದ್ರ ಬೀಳವಲ್ಲದ್ಯಾಕ, ನನ್ನದೇನು ಗುಟ್ಟಿಲ್ಲ" ಎಂದರು.

ಒಳಗೆ ಅವರ ಹೆಂಡತಿ, ಎಲ್ಲರ ಕಾಕೂ, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಹೊರಗೆ ಕಾಕಾ ಎದ್ದು ಬಾಗಿಲಿಗೆ ಹೋಗಿ ಬೀದಿಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದರು. ಗಾಡಿ ಬಿಡುವ ಮುಂಚೆ, ಓಡಿ ಬರುವವರು ಯಾರಾದರೂ ಇದ್ದಾರೆಯೇ ಎಂದು ನೋಡುವ ಗಾರ್ಡಿನ ರೂಢಿ. ಆಮೇಲೆ ಬಂದು ಕುಳಿತು ಖಾಲಿ ಜಮಖಾನೆಗೆ ಮಾತಾಡಲು ಶುರುಮಾಡಿದರು. ನಾನು ಗಾಬರಿಯಾಗಿ ಎದ್ದು ನಿಂತೆ. ಕಾಕೂ ಹರಳು ಆರಿಸಿ ಒಗೆಯುತ್ತಾ, "ಅಂಜಬ್ಯಾಡವಾ. ಹುಚ್ಚು ಹಿಡದಿಲ್ಲ. ಭಾಳ ದಿನಾ ಆತು, ಯಾರೂ ಬರೂದಿಲ್ಲ, ಇವರು ಹಿಂಗ ಮಾತಾಡ್ತಾರ. ಕುಡದು ನನ್ನ ಜೋಡಿ ಮಾತಾಡೂದಕ್ಕಿಂತ, ಕುಡೀದನ ಜಮಖಾನಿ ಜೋಡಿ ಮಾತಾಡೂದು ಛಲೋ ಅಲ್ಲೇನು?" ಎಂದರು.

ಆ ದಿನ ಕೇಳಿದ್ದನ್ನೇ ಮುಂದೆ ಎಷ್ಟೋ ಐತವಾರ ಕೇಳಿದೆ. ತಾಯಿಯ ಶ್ರಾದ್ಧದ ದಿನ ಕಾಕಾ ಕುಡಿದು ಬಂದು ಎಲೆಯ ಮುಂದೆ ಕುಳಿತರು. ಕರೆಸಿದ್ದ ಭಟ್ಟರು ಬಡಿಸಿದ ಎಲೆಯನ್ನು ಬಿಟ್ಟು ಎದ್ದು ಹೋದರು. "ನಮ್ಮವ್ವನ ಹೆಸರಿನ ಎಲಿ ಹಂಗ ಉಳದವು. ಮಾಡಿದ ಅಡಿಗಿ ಆರಿ ತಣ್ಣಗಾತು. ನಾ ಆವತ್ತ ಸಂಜಿಗೆ ಮತ್ತ ಕುಡದೆ." ಇಷ್ಟೇ ಕತೆ. ಆದರೆ ಪ್ರತಿ ವಾರ ಒಂದು ಹೊಸ ವಿವರ ಸೇರುತ್ತಿತ್ತು. ಒಮ್ಮೆ ಯಾವ ಪಲ್ಯ ಮಾಡಿದ್ದರೆಂದು ನೆನಪಾಗುತ್ತಿತ್ತು, ಇನ್ನೊಮ್ಮೆ ಕಾಕೂ ಆ ಅನ್ನವನ್ನು ಯಾವ ಆಕಳಿಗೆ ಹಾಕಿದರೆಂಬುದು. ಮರೆತರೆ ಮತ್ತೆ ಕುಡಿಯುತ್ತೇನೆಂದು ಅದನ್ನು ಹೀಗೆ ವಾರಕ್ಕೊಮ್ಮೆ ಹಸನು ಮಾಡಿ ಇಡುತ್ತಿದ್ದರು.

ಈ ಬೈಠಕ್ ಅವರ ಸ್ವಂತದ್ದಲ್ಲ. ಮುಂಬಯಿಯಲ್ಲಿ ಮಗಳ ಮನೆಯಲ್ಲಿದ್ದಾಗ ನೆರೆಯವರೊಬ್ಬರು ಅವರನ್ನು ಒಂದು ಜಿನೆಯ ಮೆಟ್ಟಿಲುಗಳ ಕೆಳಗಿನ ಖೋಲಿಗೆ ಕರೆದೊಯ್ದರಂತೆ. ಅಲ್ಲಿ ಮರಾಠಿ, ಕೊಂಕಣಿ, ಹಿಂದಿ ಎಲ್ಲ ಮಾತಿನ ಕುಡುಕರು ಸುತ್ತು ಕಟ್ಟಿ ಕುಳಿತು ತಮ್ಮ ತಮ್ಮ ಕತೆ ಹೇಳಿಕೊಳ್ಳುತ್ತಿದ್ದರು. ಇವರಿಗೆ ಅರ್ಧ ಅರ್ಥವಾಯಿತು, ಆದರೂ ಆ ರಾತ್ರಿ ಕುಡಿಯಲಿಲ್ಲ. ಊರಿಗೆ ಬಂದ ಮೇಲೆ ಅಂಥದ್ದು ಇಲ್ಲಿಯೂ ಇರಬೇಕೆಂದು ಹುಬ್ಬಳ್ಳಿ, ಧಾರವಾಡ, ಗದಗ ತಿರುಗಿದರು. ದವಾಖಾನೆಗಳಲ್ಲಿ, ಇಗರ್ಜಿಗಳಲ್ಲಿ, ಮಠಗಳಲ್ಲಿ ವಿಚಾರಿಸಿದರು. ಕುಡಿಯುವ ಜಾಗಕ್ಕೆ ಎಲ್ಲರೂ ದಾರಿ ತೋರಿಸಿದರು, ಬಿಡುವ ಜಾಗ ಯಾರಿಗೂ ಗೊತ್ತಿರಲಿಲ್ಲ. "ಎಲ್ಲೂ ಇಲ್ಲ ಅಂದ ಮ್ಯಾಲೆ ನಾನಽ ಹಾಸಬೇಕಾತು" ಎನ್ನುತ್ತಿದ್ದರು.

ಪ್ರತಿ ಐತವಾರ ಹೆಂಡತಿ ಯಾರದೋ ಮನೆಗೆ ಹೋಗುತ್ತಾಳೆಂದರೆ ಯಾವ ಗಂಡನಿಗಾದರೂ ಸಂಶಯ ಬರುತ್ತದೆ. ನಮ್ಮವರು ಕುಡಿದರೂ ಗಂಡಸೇ ಅಲ್ಲವೇ? ಒಂದು ಐತವಾರ ನನ್ನನ್ನು ಹಿಂಬಾಲಿಸಿ ಬಂದು, ಹಿಡಿದೇ ಹಿಡಿಯುತ್ತೇನೆಂದು ಬಾಗಿಲಲ್ಲಿ ನಿಂತರು. ಆಗತಾನೇ ಎಡಕ್ಕೂ ಬಲಕ್ಕೂ ನೋಡುತ್ತಿದ್ದ ಕಾಕಾ, "ಬರ್ರಿ, ಬರ್ರಿ. ಗಾಡಿ ಇನ್ನೂ ಬಿಟ್ಟಿಲ್ಲ" ಎಂದರು. ನಮ್ಮವರು ಒಳಗೆ ಇಣುಕಿದರು. ನಾನು ಮತ್ತು ಕಾಕೂ ಮೊರದ ಮುಂದೆ ಕುಳಿತಿದ್ದೆವು. ಜಗಳಕ್ಕೆ ಏನೂ ಸಿಗಲಿಲ್ಲ. ಬಂದವರು ಹಾಗೇ ಹೋಗುವುದು ಹೇಗೆಂದು ಜಮಖಾನೆಯ ತುದಿಗೆ ಕುಳಿತರು. ಅವರೇ ಆ ಬೈಠಕ್ಕಿನ ಎರಡನೆಯ ಆಸಾಮಿ.

ಕಾಕಾ ಅಂದು ಅವರಿಗೆ ಒಂದು ಮಾತೂ ಬುದ್ಧಿ ಹೇಳಲಿಲ್ಲ, ಆಣೆ ಕೇಳಲಿಲ್ಲ. ನಮ್ಮವರೇ ಭಾವುಕರಾಗಿ, "ಕಾಕಾರ, ನಿಮ್ಮ ಕಾಲ ಮುಟ್ಟಿ ಆಣಿ ಮಾಡ್ತೇನಿ" ಎಂದು ಬಗ್ಗಿದಾಗ ಕಾಲು ಹಿಂದಕ್ಕೆ ತೆಗೆದುಕೊಂಡರು. "ಬ್ಯಾಡ ಮಾರಾಯಾ. ನಾ ಆಣಿ ಮಾಡಿ ಮುರೀದ ದೇವರು ಈ ತಾಲೂಕಿನಾಗ ಒಂದೂ ಉಳದಿಲ್ಲ. ಇವತ್ತೊಂದ ದಿನ ಕುಡೀಬ್ಯಾಡ್ರಿ. ನಾಳಿಂದು ನಾಳಿ ನೋಡೂಣು." ತಾನು ದಾರಿ ತೋರಿಸುವವನಲ್ಲ ಎಂದು ಆಗಾಗ ಹೇಳುತ್ತಿದ್ದರು: "ನಾ ಇಂಜಿನ್ ಅಲ್ರಿ, ಕಡೀ ಡಬ್ಬಿ. ಎಳಿಯೂದು ನನಗ ಬರೂದಿಲ್ಲ."

ನಾನು ಗೂಟದ ಸಂಗತಿ ಹೇಳಿಕೊಂಡಾಗ ಮಾತ್ರ ಕಾಕಾ ನನ್ನ ಮೇಲೆಯೇ ತಿರುಗಿದರು. "ನೀವು ಗೂಟಾ ನೋಡೂದು ಬಿಡ್ರಿ ಅಕ್ಕೋರ. ಅವರು ಬಾಟಲಿ ಕಾಯ್ತಾರ, ನೀವು ಗೂಟಾ ಕಾಯ್ತೀರಿ. ಇಬ್ಬರದೂ ಒಂದಽ ಚಟಾ." ನನಗೆ ಬಹಳ ಸಿಟ್ಟು ಬಂತು. ಎರಡು ವಾರ ಮಾತಾಡಲಿಲ್ಲ. ಅವರು ಹೇಳಿದ್ದು ಖರೇ ಇತ್ತು, ಅದಕ್ಕೇ ಸಿಟ್ಟು ಬಂದದ್ದು.

ಮೆಲ್ಲಗೆ ಜಮಖಾನೆ ತುಂಬತೊಡಗಿತು. ಟಾಂಗಾ ಚಾಚಾ ಬಂದರು. ಬ್ರಾಹ್ಮಣರ ಪಡಸಾಲೆಯಲ್ಲಿ ಮುಸಲ್ಮಾನರು, ಲಿಂಗವಂತರು, ಕೇರಿಯವರು ಮೊಣಕಾಲಿಗೆ ಮೊಣಕಾಲು ಹಚ್ಚಿ ಕುಳಿತು ಒಂದೇ ಬಗೆಯ ಕಪ್ಪಿನಲ್ಲಿ ಚಹಾ ಕುಡಿಯುವುದನ್ನು ಆ ಓಣಿ ಮೊದಲು ಕಂಡದ್ದು ಆಗಲೇ. ನೆರೆಯವರು ಕಾಕೂಗೆ ಮಡಿ-ಮೈಲಿಗೆಯ ಮಾತು ತೆಗೆದಾಗ, "ಇವರು ಗಟಾರದಾಗ ಬಿದ್ದಾಗ ಎತ್ತಿದವರ ಜಾತಿ ನಾ ಕೇಳಿದ್ದಿಲ್ಲ" ಎಂದುಬಿಟ್ಟರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಒಬ್ಬ ಪೊಲೀಸ ವಿಚಾರಣೆಗೆ ಬಂದ. ನಾಲ್ಕು ಜನ ಕೂಡಿದರೆ ಸಂಶಯಪಡುತ್ತಿದ್ದ ದಿನಗಳವು.

"ಇಲ್ಲಿ ಯಾರ ವಿರುದ್ಧ ಮಾತಾಡ್ತೀರಿ?" ಎಂದು ಅವನು ಗದರಿಸಿದ.

"ನಾನು ನನ್ನ ವಿರುದ್ಧ ಮಾತಾಡ್ತೀನಿ. ಇವರು ಇವರ ವಿರುದ್ಧ. ಕೂಡ್ರಿ, ಚಹಾ ತಗೋರಿ," ಎಂದರು ಕಾಕಾ.

ಪೊಲೀಸ ಕುಳಿತು ಕೊನೆಯವರೆಗೂ ಕೇಳಿದ. ಮುಂದಿನ ಐತವಾರ ಮತ್ತೆ ಬಂದ, ಖಾಕಿ ಇಲ್ಲದೆ. ಆಮೇಲಿನದು ಅವನ ಕತೆ. ಅದನ್ನು ನಾನು ಬರೆಯುವ ಹಾಗಿಲ್ಲ.

ಹೀಗೆ ಹೆಚ್ಚುಕಡಿಮೆ ಒಂದು ವರ್ಷ ನಮ್ಮವರು ಕುಡಿಯಲಿಲ್ಲ. ಗಿರಣಿಯಲ್ಲಿ ಅವರ ಕೈ ನಡುಗುವುದು ನಿಂತಿತು. ಊರಲ್ಲಿ ಸುದ್ದಿಯಾಯಿತು. ನಮ್ಮ ಕಡೆ ಒಳ್ಳೆಯದೇನಾದರೂ ಆಯಿತೆಂದರೆ ಅದಕ್ಕೊಂದು ಸತ್ಕಾರ ಮಾಡದೆ ಬಿಡುವುದಿಲ್ಲವಲ್ಲ! ಒಂದು ದಿನ ಊರ ಗೌಡರು ನಮ್ಮ ಮನೆಗೆ ಬಂದು, "ಅಕ್ಕೋರ, ನಿಮ್ಮ ಯಜಮಾನ್ರಿಗೆ ಸಾಲಿ ಅಂಗಳದಾಗ ಸತ್ಕಾರ ಇಟ್ಕೊಂಡೇವಿ. ಹಾರ, ಶಾಲು, ಬಾಜಾ ಎಲ್ಲಾ ಐತಿ. ಮಠದ ಅಜ್ಜಾರು ಬರ್ತಾರ. ಅಜ್ಜಾರ ಮುಂದ ಲಿಂಗಾ ಮುಟ್ಟಿ, ಈ ಜನ್ಮದಾಗ ಕುಡಿಯಂಗಿಲ್ಲ ಅಂತ ಆಣಿ ಮಾಡಲಿ. ಊರ ಕುಡುಕರನ್ನೆಲ್ಲಾ ಮುಂದ ಕುಂದ್ರಸ್ತೇನಿ, ನೋಡಿ ಕಲೀಲಿ" ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನೂ ಹಿಗ್ಗಿದೆ. ನಮ್ಮವರು ಹ್ಞೂಂ ಎಂದರು. ಗಾರ್ಡ್ ಕಾಕಾರಿಗೂ ಆಮಂತ್ರಣ ಹೋಯಿತು. ಅವರು, "ಹಾರ ಭಾರ ಇರ್ತದ" ಎಂದಷ್ಟೇ ಹೇಳಿ ನಶ್ಯ ಸೇದಿದರಂತೆ.

ಸತ್ಕಾರದ ದಿನ ಮುಂಜಾನೆ ನಮ್ಮವರು ಜಳಕ ಮಾಡಿ, ಪೂಜೆ ಮುಗಿಸಿ, ಇಸ್ತ್ರಿಯ ಅಂಗಿ ಹಾಕಿಕೊಂಡು, ಗಿರಣಿಯ ತನಕ ಹೋಗಿ ಬರುತ್ತೇನೆಂದು ಹೊರಟರು. ನಾನು ಹೂವು ಮುಡಿಯಲು ಕನ್ನಡಿಯ ಮುಂದೆ ನಿಂತವಳು ತಿರುಗಿದೆ. ಗೂಟಕ್ಕೆ ಲಿಂಗ ತೂಗುತ್ತಿತ್ತು.

ಒಂದು ವರ್ಷದಲ್ಲಿ ಎಂದೂ ತೂಗಿರಲಿಲ್ಲ. ಸಂಜೆಗೆ ಅದನ್ನು ಮುಟ್ಟಿ ಜನ್ಮವಿಡೀ ಎಂದು ಆಣೆ ಮಾಡಬೇಕು. ಅದರ ಭಯಕ್ಕೇ ಅದನ್ನು ಬಿಚ್ಚಿಟ್ಟು ಹೋಗಿದ್ದಾರೆಂದು ನನಗೆ ಒಂದು ಕ್ಷಣದಲ್ಲಿ ತಿಳಿಯಿತು. ಹಿಂದಿನ ನಾನಾಗಿದ್ದರೆ ಸಾರಾಯಿ ಅಂಗಡಿಗೆ ಓಡಿ ಅಂಗಿ ಹಿಡಿದು ಎಳೆಯುತ್ತಿದ್ದೆ. ಆ ದಿನ ಬಸ್ಸು ಹತ್ತಿ ಅಣ್ಣಿಗೇರಿಗೆ ಹೋದೆ. ಕಾಕಾ ಎಲೆಯ ಮುಂದೆ ಕುಳಿತಿದ್ದರು. ನಾನು ಹೇಳಿದ್ದನ್ನು ಕೇಳಿ, ಕೈತೊಳೆದು, ಜಮಖಾನೆಯನ್ನು ಸುತ್ತಿ ಹೆಗಲಿಗೆ ಹಾಕಿಕೊಂಡರು.

"ಅವರನ್ನ ಕರೀಲಿಕ್ಕೆ ಬರ್ತೀರೇನ್ರಿ?" ಎಂದೆ. ಯಾರನ್ನೂ ಕರೆಯಲು ಹೋಗಬಾರದೆಂಬುದು ಅವರ ನಿಯಮವಾಗಿತ್ತು.

"ಕರೀಲಿಕ್ಕಲ್ಲ. ನನಗ ಇವತ್ತ ಬೈಠಕ್ ಬೇಕಾಗೇದ," ಎಂದರು. ಚಾಚಾ ಟಾಂಗಾ ಹೂಡಿದರು.

ನಮ್ಮ ಊರಿನ ಸಾರಾಯಿ ಅಂಗಡಿಯ ಎದುರಿಗೆ ಒಂದು ಬನ್ನಿಗಿಡ, ಅದಕ್ಕೊಂದು ಕಟ್ಟೆ. ಇಸ್ತ್ರಿಯ ಅಂಗಿಯಲ್ಲಿ ನಮ್ಮವರು ಆ ಕಟ್ಟೆಯ ಮೇಲೆ ಅಂಗಡಿಯನ್ನೇ ನೋಡುತ್ತ ಕುಳಿತಿದ್ದರು. ಇನ್ನೂ ಒಳಗೆ ಹೋಗಿರಲಿಲ್ಲ. ಕಾಕಾ ಅವರ ಕಡೆ ನೋಡಲೂ ಇಲ್ಲ. ಕಟ್ಟೆಯ ಕೆಳಗೆ, ನಡು ಬೀದಿಯಲ್ಲಿ, ಹಗಲು ಬೆಳಕಿನಲ್ಲಿ ಜಮಖಾನೆ ಕೊಡವಿ ಹಾಸಿದರು. ಚಾಚಾ ಜೋಡು ಕಳಚಿ ಕುಳಿತರು. ಕಾಕಾ ಬೀದಿಯ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕುಳಿತರು. ಅಂಗಡಿಯಲ್ಲಿದ್ದವರು ಗ್ಲಾಸು ಹಿಡಿದುಕೊಂಡೇ ಹೊರಗೆ ಬಂದರು.

"ನಾನು ಕುಡುಕ," ಎಂದು ಕಾಕಾ ಶುರುಮಾಡಿದರು, ತಮ್ಮ ಪಡಸಾಲೆಯಲ್ಲಿ ಇದ್ದ ಹಾಗೆಯೇ. "ಈ ಊರಿಂದ ನನಗೂ ಆಮಂತ್ರಣ ಬಂತು. ಬಂದಾಗಿಂದ ನನ್ನ ಜೀವಾ ಸಮಾಧಾನ ಇಲ್ಲ. ಹಾರ ಹಾಕಿಸಿಕೊಂಡವ ನಾಳೆ ಬಿದ್ರ ಎಲ್ಲಿ ಮಾರಿ ಇಟ್ಕೋಬೇಕು? ಸುಮ್ಮನ ಬಿದ್ದವ ಏಳಬಹುದು. ಹಾರ ಹಾಕ್ಕೊಂಡು ಬಿದ್ದವಗ ಏಳಲಿಕ್ಕೆ ಆಗೂದಿಲ್ಲ. ಹಿಂಗ ವಿಚಾರ ಮಾಡಿ ಮಾಡಿ ಮುಂಜಾನಿಂದ ಕುಡೀಬೇಕು ಅನ್ನಸಲಿಕ್ಕೆ ಹತ್ತೇದ. ಕಿಸೇದಾಗಿನ ಬೆಲ್ಲಾ ಮುಗದದ. ಇನ್ನೂ ಕುಡದಿಲ್ಲ."

ಅವರಿಗೆ ನಿಜವಾಗಿಯೂ ಹಾಗೆ ಅನಿಸಿತ್ತೋ, ನಮ್ಮವರ ಸಲುವಾಗಿ ಹೇಳಿದರೋ, ನನಗೆ ಇಂದಿಗೂ ಗೊತ್ತಿಲ್ಲ. ಒಮ್ಮೆ ಕೇಳಿದ್ದಕ್ಕೆ, "ಜಮಖಾನಿ ಮ್ಯಾಲೆ ನಾ ಎಂದೂ ಸುಳ್ಳು ಹೇಳಿಲ್ಲ, ಇಸ್ಪೀಟಿನ್ಯಾಗ ಹೇಳೇನಿ" ಎಂದಿದ್ದರು.

ನಮ್ಮವರು ಕಟ್ಟೆಯಿಂದ ಇಳಿದು ಬಂದು ಜಮಖಾನೆಯ ಮೇಲೆ ಕುಳಿತರು. ಆ ಒಂದು ವರ್ಷವೂ ಅವರು ಬೈಠಕ್ಕಿನಲ್ಲಿ, "ನನಗ ಸ್ವಲ್ಪ ರೂಢಿ ಇತ್ತು" ಎಂದೇ ಹೇಳುತ್ತಿದ್ದರು. ಆ ದಿನ ಇಡೀ ಬೀದಿ ಕೇಳುವ ಹಾಗೆ, "ನಾ ಕುಡುಕ ಅದೇನಿ" ಎಂದರು. ಎಂದವರೇ ಸಣ್ಣ ಹುಡುಗರ ಹಾಗೆ ಅತ್ತರು. ನಾನು ಗೋಡೆಯ ಮರೆಗೆ ನಿಂತಿದ್ದೆ. ನನಗೆ ನಾಚಿಕೆಯಾಗಲಿಲ್ಲ. ಮದುವೆಯಾದ ಮೇಲೆ ಅವರ ಬಗ್ಗೆ ನನಗೆ ಅಷ್ಟು ಹೆಮ್ಮೆ ಅನಿಸಿದ್ದು ಅದೇ ಮೊದಲು.

ಅಷ್ಟರಲ್ಲಿ ಬಾಜಾದವರನ್ನು ಕರೆದುಕೊಂಡು, ಕೈಯಲ್ಲಿ ಸೇವಂತಿಗೆಯ ದೊಡ್ಡ ಹಾರ ಹಿಡಿದು ಗೌಡರು ನಮ್ಮವರನ್ನು ಹುಡುಕಿಕೊಂಡು ಬಂದರು. "ಇದೇನ್ರಿ, ಹಾದ್ಯಾಗ ಜಮಖಾನಿ ಹಾಸೀರಿ? ಅಜ್ಜಾರು ಬರೂ ಹೊತ್ತಾತು. ಆಣಿ ಮಾಡೂದೈತಿ, ಏಳ್ರಿ!"

"ಗೌಡ್ರ, ನಾ ಆಣಿ ಮಾಡೂದಿಲ್ರಿ," ಎಂದರು ನಮ್ಮವರು. "ಇವತ್ತ ಕುಡಿಯಂಗಿಲ್ಲ, ಅದು ಖರೇ. ನಾಳಿಂದು ನನಗ ಗೊತ್ತಿಲ್ಲ."

"ಅಲ್ಲೋ, ಜನ್ಮಕ್ಕ ಬಿಟ್ಟಾನ ಅಂತ ಹೇಳಿ ಅಜ್ಜಾರನ್ನ ಕರಸೇನಿ!"

"ಜನ್ಮ ಭಾಳ ದೊಡ್ಡದ್ರಿ ಗೌಡ್ರ. ನನ್ನ ಕೈಯಾಗ ಹಿಡಸೂದಿಲ್ಲ."

ಬಾಜಾದವರು ನಿಲ್ಲಿಸಿದರು. ಗೌಡರು ಕೈಯಲ್ಲಿದ್ದ ಹಾರವನ್ನು ನೋಡಿಕೊಂಡು, "ಮತ್ತ ಈ ಹಾರ ಏನ ಮಾಡ್ಲಿ?" ಎಂದರು, ಪಾಪ, ಅಳುವ ದನಿಯಲ್ಲಿ.

"ನಮ್ಮನ್ನ ಇಲ್ಲೀತನಾ ಎಳಕೊಂಡು ಬಂದವರು ಯಾರು? ಅದಕ್ಕ ಹಾಕ್ರಿ," ಎಂದು ಕಾಕಾ ಚಾಚಾನ ಕುದುರೆಯ ಕಡೆ ಕೈಮಾಡಿದರು. ಬೀದಿಗೆ ಬೀದಿಯೇ ನಕ್ಕಿತು. ಗೌಡರಿಗೂ ನಗು ತಡೆಯಲಾಗಲಿಲ್ಲ, ಹೋಗಿ ಹಾಕಿಯೇಬಿಟ್ಟರು. ಕುದುರೆ ಅಣ್ಣಿಗೇರಿ ಮುಟ್ಟುವುದರೊಳಗೆ ಅರ್ಧ ಹಾರ ತಿಂದಿತ್ತಂತೆ.

ಹೊರಡುವ ಮುಂಚೆ ಕಾಕಾ ನಮ್ಮ ಮನೆಗೆ ಬಂದರು. ನಮ್ಮವರು ಮತ್ತೆ ಜಳಕ ಮಾಡಿ ಲಿಂಗ ಕಟ್ಟಿಕೊಂಡರು. ಕಾಕಾ ಗೂಟವನ್ನು ನೋಡಿದರು, ಮೂಲೆಯಲ್ಲಿದ್ದ ನನ್ನ ಕೊಡೆಯನ್ನು ತಂದು ಅದಕ್ಕೆ ತೂಗುಹಾಕಿದರು. "ಅಕ್ಕೋರ, ಇದಕ್ಕ ಬ್ಯಾರೆ ಕೆಲಸಾ ಕೊಡ್ರಿ" ಎಂದರು. ಅಂದಿನಿಂದ ಅದು ನನ್ನ ಕೊಡೆಯ ಗೂಟ.

ಆಮೇಲೆ ನಮ್ಮವರು ಎಂದೂ ಕುಡಿಯಲೇ ಇಲ್ಲವೆಂದು ಬರೆದರೆ ಓದಲು ಚೆಂದ, ಆದರೆ ಸುಳ್ಳು. ಮರುವರ್ಷ ಒಮ್ಮೆ ಜಾರಿದರು. ಮುಂದಿನ ಐತವಾರ ತಲೆ ಬಗ್ಗಿಸಿಕೊಂಡು ಹೋದಾಗ ಕಾಕಾ ಒಂದಿಷ್ಟು ಸರಿದು ಜಾಗ ಕೊಟ್ಟು, "ಚಹಾಕ್ಕ ಸಕ್ಕರಿ ಕಡಿಮಿ ಆಗೇದ ನೋಡ್ರಿ ಇವತ್ತ" ಎಂದರಂತೆ. ಬೇರೇನೂ ಕೇಳಲಿಲ್ಲ. ಮುರಿಯಲು ಆಣೆಯೇ ಇರಲಿಲ್ಲವಾದ್ದರಿಂದ ನಮ್ಮವರು ಮತ್ತೆ ಎದ್ದು ನಿಲ್ಲುವುದಕ್ಕೆ ಯಾವ ದೇವರೂ ಅಡ್ಡ ಬರಲಿಲ್ಲ. ಅದಾಗಿ ಇಲ್ಲಿಯವರೆಗೆ ಆರಾಮಿದ್ದಾರೆ. ಇಲ್ಲಿಯವರೆಗೆ ಎಂದರೆ ಈ ಮುಂಜಾನೆಯವರೆಗೆ.

ಸೋಮವಾರ ನಾವು ಮಣ್ಣಿಗೆ ಹೋದಾಗ ಕಾಕೂ ಅಳುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಜಮಖಾನೆಯನ್ನು ಮಡಚಿ ನಮ್ಮವರ ಕೈಗೆ ಕೊಟ್ಟರು. "ಒಯ್ಯಿರಿ. ಈ ಮನ್ಯಾಗ ಸೂತಕ ಅದ. ಬೈಠಕ್ಕಿಗೆ ಸೂತಕ ಇಲ್ಲ" ಎಂದರು. ಅಷ್ಟು ಹೇಳಿದ ಮೇಲೆ ಅತ್ತರು.

ಶುಕ್ರವಾರದಿಂದ ಮಳೆ ಹಿಡಿಯಿತು. ನಮ್ಮ ಎರೆಭೂಮಿಯಲ್ಲಿ ಮಳೆ ಹಿಡಿದರೆ ಟಾಂಗಾದ ಗಾಲಿ ಹೊರಳುವುದಿಲ್ಲ, ಬಸ್ಸು ಬರುವುದಿಲ್ಲ, ನಡೆಯುವವರ ಕಾಲಿಗೆ ಹೊಲವೇ ಅಂಟಿಕೊಳ್ಳುತ್ತದೆ. ನಿನ್ನೆ ಐತವಾರ, ನಾಲ್ಕರ ಹೊತ್ತಿಗೆ ನಮ್ಮವರು ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ನಾನು ಚಹಾಕ್ಕೆ ಇಟ್ಟು, ಒಳಗೆ ಮೊರ ತೆಗೆದುಕೊಂಡು ಬೇಳೆ ಹಸನು ಮಾಡುತ್ತ ಕುಳಿತೆ. ಅವರು ಬಾಗಿಲಿಗೆ ಹೋದದ್ದು ಕೇಳಿಸಿತು. ಎಡಕ್ಕೆ ನೋಡಿರಬೇಕು, ಬಲಕ್ಕೆ ನೋಡಿರಬೇಕು. ಬಹಳ ಹೊತ್ತು ನಿಂತರು. ಮಳೆ ಬಿಟ್ಟು ಬೇರೆ ಸಪ್ಪಳವಿರಲಿಲ್ಲ. ಎಷ್ಟು ಕಪ್ಪು ಇಡಬೇಕೆಂದು ತಿಳಿಯದೆ ನಾನು ಕೂಗಿದೆ:

"ರೀ, ಯಾರು ಬಂದಾರ್ರಿ?"

ಅವರು ಬಂದು ಜಮಖಾನೆಯ ಮೇಲೆ ಕುಳಿತ ಸದ್ದಾಯಿತು.

"ನಾ ಬಂದೇನಲ್ಲ," ಎಂದರು.